ಸಂಬಳ ಕೇಳುವ ಮೊದಲು: ಯಾವ ಕೆಲಸ ನಿಮ್ಮಿಂದ ಏನು ಕೇಳುತ್ತದೆ?

ಪಿಯುಸಿ, ಡಿಪ್ಲೊಮಾ, ಡಿಗ್ರಿ ಫಲಿತಾಂಶ ಬಂದು ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಕಡೆ ಮನೆ ಮನೆಯಲ್ಲೂ ಇದೇ ಚರ್ಚೆ. ತೋಟ ನೋಡಿಕೊಂಡು ಊರಲ್ಲೇ ಇರೋದಾ? ಬೆಂಗಳೂರಿಗೆ ಹೋಗೋದಾ? ಕೋಚಿಂಗ್ ಸೇರಿ ಸರ್ಕಾರಿ ಕೆಲಸಕ್ಕೆ ಓದೋದಾ? ಇಲ್ಲಾ, ಶಿವಮೊಗ್ಗದಲ್ಲೇ ಸಿಕ್ಕಿದ್ದಕ್ಕೆ ಸೇರಿಕೊಳ್ಳೋದಾ? ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿ ಕಡೆಯಿಂದ ನನಗೆ ಬರೆಯುವ ಮಕ್ಕಳು ಹೆಚ್ಚಾಗಿ ಕೇಳುವುದು ಒಂದೇ: "ಯಾವುದಕ್ಕೆ ಸಂಬಳ ಜಾಸ್ತಿ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳಬೇಕು. ಕೆಲಸ ನಮಗೆ ಏನು ಕೊಡುತ್ತದೆ ಅನ್ನೋದು ಆರ್ಡರ್ ಕಾಪಿಯಲ್ಲಿ ಇರುತ್ತದೆ. ನಮ್ಮಿಂದ ಏನು ತೆಗೆದುಕೊಳ್ಳುತ್ತದೆ ಅನ್ನೋದು ಎಲ್ಲೂ ಬರೆದಿರುವುದಿಲ್ಲ. ಒಂದು ಕೆಲಸ ನಿದ್ದೆ ಕೇಳುತ್ತದೆ. ಇನ್ನೊಂದು ಸೊಂಟ ಕೇಳುತ್ತದೆ. ಮತ್ತೊಂದು ವರ್ಷಗಟ್ಟಲೆ ಕಾಯುವ ತಾಳ್ಮೆ ಕೇಳುತ್ತದೆ. ಇದರಲ್ಲಿ ಯಾವುದು ನಿಮ್ಮಿಂದ ಆಗುತ್ತದೆ, ಯಾವುದು ಆಗಲ್ಲ ಅಂತ ಗೊತ್ತಾದರೆ ಆಯ್ಕೆ ಅರ್ಧ ಮುಗಿದ ಹಾಗೆ.

ಯಾವ ಅಳತೆಯಲ್ಲಿ ನೋಡಬೇಕು

ನಾನು ಐದು ವಿಷಯ ನೋಡುತ್ತೇನೆ. ಒಂದು, ದುಡ್ಡು ಬರುವ ರೀತಿ. ತಿಂಗಳಿಗೊಮ್ಮೆಯಾ, ವರ್ಷಕ್ಕೊಮ್ಮೆಯಾ? ಮೊದಲ ರೂಪಾಯಿ ಕೈಗೆ ಬರಲು ಎಷ್ಟು ದಿನ ಬೇಕು? ಎರಡು, ಗಡಿಯಾರ ಯಾರ ಕೈಯಲ್ಲಿದೆ. ನೀವು ಏಳುವುದು, ಮಲಗುವುದು, ಹಬ್ಬಕ್ಕೆ ಊರಿಗೆ ಬರುವುದನ್ನು ಯಾರು ತೀರ್ಮಾನಿಸುತ್ತಾರೆ? ಮೂರು, ಮೈಗೆ ಬೀಳುವ ಹೊರೆ. ನಾಲ್ಕು, ದಿನಕ್ಕೆ ಎಷ್ಟು ಜನರ ಮಾತು ಕೇಳಬೇಕು, ಎಷ್ಟು ಬೈಗುಳ ನುಂಗಬೇಕು. ಐದು, ಬಿಡುವ ದಾರಿ. ಐದು ವರ್ಷ ಮಾಡಿ ಬಿಟ್ಟರೆ ನಿಮ್ಮ ಕೈಯಲ್ಲಿ ಏನು ಉಳಿಯುತ್ತದೆ?

ಮಲೆನಾಡಿನವರು ಇದಕ್ಕೆ ಮಳೆಯನ್ನೂ ಸೇರಿಸಿಕೊಳ್ಳಬೇಕು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟಿ ಸುರಿಯುತ್ತದೆ. ಅದೇ ಜಿಲ್ಲೆಯ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬೀಳುವುದಿಲ್ಲ. ಹಾಗಾಗಿ ಒಂದೇ ಹೆಸರಿನ ಕೆಲಸ ಪೇಟೆಯಲ್ಲಿ ಒಂದು ಥರ, ಘಟ್ಟದ ಅಂಚಿನಲ್ಲಿ ಇನ್ನೊಂದು ಥರ.

ಅಡಿಕೆ ತೋಟ

"ತೋಟ ಇದೆಯಲ್ಲ, ಇನ್ನೇನು ಬೇಕು?" ಅಂತ ನೆಂಟರು ಸುಲಭವಾಗಿ ಹೇಳುತ್ತಾರೆ. ತೋಟ ಕೇಳುವುದು ಏನು ಅಂತ ತೋಟ ಮಾಡಿದವರಿಗೇ ಗೊತ್ತು.

ಮೊದಲನೆಯದು ಕಾಯುವುದು. ಹೊಸದಾಗಿ ಸಸಿ ಹಾಕಿದರೆ ಫಸಲು ಕಣ್ಣಿಗೆ ಕಾಣಲು ಐದಾರು ವರ್ಷ ಬೇಕು. ಬೆಳೆದು ನಿಂತ ತೋಟವಾದರೂ ದುಡ್ಡು ಬರುವುದು ವರ್ಷದಲ್ಲಿ ಒಂದೆರಡು ಸಲ. ಜೂನ್‌ನಲ್ಲಿ ಖರ್ಚು ಶುರು, ಅಡಿಕೆ ಮಂಡಿಗೆ ಹೋಗುವುದು ಮುಂದಿನ ವರ್ಷ. ನಡುವಿನ ತಿಂಗಳುಗಳನ್ನು ಸಾಲವಿಲ್ಲದೆ ದಾಟಲು ಶಿಸ್ತು ಬೇಕು.

ಎರಡನೆಯದು, ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಹೊಡೆಯುವ ಔಷಧಿ, ಬೋರ್ಡೋ ದ್ರಾವಣ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೋರ್ಡೋ ಮಾಡುವ ಲೆಕ್ಕ ಇಷ್ಟೇ, ಯಾರು ಬೇಕಾದರೂ ಕಲಿಯಬಹುದು. ಕಷ್ಟ ಇರುವುದು ದಿನ ಹೊಂದಿಸುವುದರಲ್ಲಿ. ಮಳೆ ಹಿಡಿಯುವ ಹೊತ್ತಿಗೆ ಒಂದು ಸಲ ಹೊಡೆಯಬೇಕು, 40-45 ದಿನ ಕಳೆದ ಮೇಲೆ ಇನ್ನೊಂದು ಸಲ. ಆ ಎರಡನೇ ಸಲ ಬರುವುದು ಜಡಿಮಳೆಯ ನಡುವೆ. ಗೊನೆ ಒಣಗಿರುವ ನಾಲ್ಕು ಗಂಟೆ ಬಿಡುವು ಸಿಗಬೇಕು, ಅದೇ ದಿನ ಮರ ಹತ್ತುವ ಕೊನೆಗೌಡ ಬಿಡುವಾಗಿರಬೇಕು. ಅವರಿಗೂ ಹತ್ತು ತೋಟದವರಿಂದ ಫೋನ್ ಬಂದಿರುತ್ತದೆ. ವಾರ ತಡವಾದರೆ ಕಾಯಿ ಉದುರಲು ಶುರು. ಕಾರ್ಬನ್ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದ ಮೇಲೆ ಮರ ಹತ್ತದೆಯೇ ಔಷಧಿ ಹೊಡೆಯಬಹುದು, ಕೊನೆ (ಅಡಿಕೆ ಗೊನೆ) ಇಳಿಸಬಹುದು. ಆದರೆ ಅಷ್ಟುದ್ದದ ದೋಟಿ ಎತ್ತಿ ಹಿಡಿದು ಕತ್ತು ಮೇಲೆ ಮಾಡಿ ನಿಲ್ಲುವುದು ಕೂಡ ಮೈ ಮುರಿಯುವ ಕೆಲಸವೇ.

ಕೊಯ್ಲಿನ ಕಾಲದಲ್ಲಿ ಗಡಿಯಾರ ಪೂರ್ತಿ ಕೈತಪ್ಪುತ್ತದೆ. ಹಗಲು ಕೊನೆ ಇಳಿಸುತ್ತಾರೆ. ರಾತ್ರಿ ಅಂಗಳದ ಬಲ್ಬಿನ ಕೆಳಗೆ ಮೆಟ್ಟುಗತ್ತಿ ಹಿಡಿದು ಸುಲಿತಕ್ಕೆ ಕೂರುತ್ತಾರೆ. ಸುಲಿದದ್ದನ್ನು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ಕಂದು ನೀರು) ಬೇಯಿಸಿ, ಬೆಳಿಗ್ಗೆ ಬಿಸಿಲಿಗೆ ಹರವಬೇಕು. ಆ ದಿನ ಮೋಡ ಕವಿದರೆ ಎಲ್ಲರೂ ಆಕಾಶ ನೋಡುತ್ತಾ ನಿಲ್ಲುತ್ತಾರೆ. ಸುಲಿಯುವ ಹೆಂಗಸರ ಬೆರಳ ತುದಿಯ ಕಪ್ಪು ಸುಗ್ಗಿ ಮುಗಿದು ಎಷ್ಟೋ ದಿನದವರೆಗೆ ಹೋಗುವುದಿಲ್ಲ. ಸುಲಿಯುವ ಯಂತ್ರ ಬಂದ ಕಡೆ ಇದು ಹಗುರಾಗಿದೆ, ನಿಜ.

ಇದರ ಮೇಲೆ ಎಲೆಚುಕ್ಕಿ ರೋಗ ಈಚೆಗೆ ಎಷ್ಟೋ ತೋಟಗಳನ್ನು ಹಣ್ಣು ಮಾಡಿದೆ. ಬೆಲೆಯೂ ನಮ್ಮ ಕೈಯಲ್ಲಿಲ್ಲ. ಆಮದಿನ ಸುದ್ದಿ ಬಂದರೂ ಇಳಿಯುತ್ತದೆ, ಗುಟ್ಕಾ ಮೇಲಿನ ನಿಯಮ ಬದಲಾದರೂ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಮೂವತ್ತು ವರ್ಷ ಇದನ್ನೇ ನಂಬಿ ಬದುಕಬೇಕಾದ ಇಪ್ಪತ್ತೆರಡರ ಹುಡುಗ ಈ ಸಂಗತಿಗೆ ಕಣ್ಣು ಮುಚ್ಚಬಾರದು. ಕಾಳುಮೆಣಸು, ಬಾಳೆ, ಕೋಕೋ ನಡುವೆ ಹಾಕಿಕೊಂಡವರಿಗೆ ಸ್ವಲ್ಪ ಧೈರ್ಯ ಇರುತ್ತದೆ.

ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ವಿಷಯ ಇದೆ. ಪಹಣಿ ಅಪ್ಪನ ಹೆಸರಲ್ಲಿ, ಬ್ಯಾಂಕ್ ಖಾತೆ ಅಪ್ಪನ ಹೆಸರಲ್ಲಿ, ದುಡಿಯುವವನು ಮಗ. ಬೈಕಿಗೆ ಪೆಟ್ರೋಲ್ ಹಾಕಿಸಲೂ ಕೈಚಾಚಬೇಕು. ಈ ಕಾರಣಕ್ಕೇ ತೋಟ ಬಿಟ್ಟು ಹೋದವರು ನಮ್ಮಲ್ಲಿ ಇದ್ದಾರೆ. ಮಗನನ್ನು ಊರಲ್ಲಿ ಉಳಿಸಿಕೊಳ್ಳಬೇಕು ಅನ್ನುವ ಅಪ್ಪಂದಿರಿಗೆ ನನ್ನ ವಿನಂತಿ: ತಿಂಗಳಿಗೆ ಇಷ್ಟು ಅಂತ ಅವನ ಖಾತೆಗೆ ಹಾಕಿ. ಮಗಳನ್ನೂ ಕೇಳಿ. 2005ರ ತಿದ್ದುಪಡಿಯಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ. ತೋಟ ನೋಡಿಕೊಳ್ಳುವ ಆಸೆ, ಶಕ್ತಿ ಎರಡೂ ಇರುವ ಹುಡುಗಿಯರನ್ನು ಈ ಪ್ರಶ್ನೆಯಿಂದಲೇ ಹೊರಗಿಡುವುದು ನನಗೆ ಬೇಜಾರು ತರುವ ಸಂಗತಿ.

ಸರ್ಕಾರಿ ಕೆಲಸಕ್ಕೆ ಓದುವುದು

ಕೆಲಸ ಸಿಕ್ಕ ಮೇಲಿನ ಭದ್ರತೆ ಎಲ್ಲರಿಗೂ ಗೊತ್ತು. ಸಿಗುವವರೆಗಿನ ಬದುಕೂ ಒಂದು ಕೆಲಸವೇ. ಸಂಬಳವಿಲ್ಲದ, ರಜೆಯಿಲ್ಲದ ಕೆಲಸ.

ಒಂದು ಉದಾಹರಣೆ ಕೊಡುತ್ತೇನೆ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಯಾವ ತಪ್ಪೂ ಮಾಡದೆ ಪ್ರಾಮಾಣಿಕವಾಗಿ ಓದಿದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಹೋಯಿತು. ಅಷ್ಟರಲ್ಲಿ ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಎರಡನೇ ಕಂಪನಿಗೆ ಸೇರಿರುತ್ತಾರೆ. ಮದುವೆ ಮನೆಗಳಲ್ಲಿ "ಏನು ಮಾಡ್ಕೊಂಡಿದೀಯ?" ಅಂತ ಕೇಳುವವರಿಗೆ ಉತ್ತರ ಹೇಳಿ ಹೇಳಿ ಹುಡುಗ ಮದುವೆಗೇ ಹೋಗುವುದು ಬಿಡುತ್ತಾನೆ. ಈ ದಾರಿ ಕೇಳುವುದು ಇದನ್ನೇ, ಒಬ್ಬರೇ ಇರುವ ಶಕ್ತಿ. ಬುದ್ಧಿ ಇದ್ದೂ ಇದೊಂದು ಇಲ್ಲದೆ ಸೋತವರನ್ನು ನಾನು ಬಲ್ಲೆ.

ಹಾಗಂತ ಬೇಡ ಅನ್ನುತ್ತಿಲ್ಲ. ನಮ್ಮ ಹಳ್ಳಿ ಮಕ್ಕಳಿಗೆ ಇಲ್ಲಿ ಅನುಕೂಲವೂ ಇದೆ. ರಾಜ್ಯದ ನೇಮಕಾತಿಯಲ್ಲಿ ಒಂದರಿಂದ ಹತ್ತನೇ ಕ್ಲಾಸಿನವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 25, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲು. ವಯೋಮಿತಿ ಸಾಮಾನ್ಯವಾಗಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಕ್ಕೆ 38, ಪರಿಶಿಷ್ಟರಿಗೆ ಮತ್ತು ಪ್ರವರ್ಗ 1ಕ್ಕೆ 40. ಇಷ್ಟು ಸಮಯ ಇದೆ ಅನ್ನುವುದೇ ಎಷ್ಟೋ ಜನರಿಗೆ ಬಲೆಯಾಗುತ್ತದೆ. 35ರವರೆಗೆ ಬರೆಯಬಹುದು ಅಂದಮಾತ್ರಕ್ಕೆ 35ರವರೆಗೆ ಬರೆಯುತ್ತಾ ಕೂರಬೇಕಿಲ್ಲ. ಶುರು ಮಾಡುವ ದಿನವೇ ಮನೆಯವರ ಎದುರು ಒಂದು ಗಡುವು ಹಾಕಿಕೊಳ್ಳಿ. ಎರಡು ವರ್ಷ ಪೂರ್ತಿ ಓದು, ಆಮೇಲೆ ಕೆಲಸಕ್ಕೆ ಸೇರಿ ಸಂಜೆ ಓದು. ನನ್ನ ಅನುಭವದಲ್ಲಿ ಇದೇ ಸರಿಯಾದ ಅಳತೆ.

ಸಿಕ್ಕ ಮೇಲೂ ಎಲ್ಲ ಸರ್ಕಾರಿ ಕೆಲಸ ಒಂದೇ ಅಲ್ಲ. ಗ್ರಾಮ ಆಡಳಿತ ಅಧಿಕಾರಿಯಾದವರು ಮಳೆಗೆ ಗೋಡೆ ಬಿದ್ದ ಮನೆ ನೋಡಲು ಕೊಡೆ ಹಿಡಿದು ನಡೆಯಬೇಕು, ಬೆಳೆ ಸಮೀಕ್ಷೆಗೆ ಗದ್ದೆ ಇಳಿಯಬೇಕು, ಪಿಂಚಣಿ ನಿಂತ ಅಜ್ಜಿಗೆ ಸಮಾಧಾನ ಹೇಳಬೇಕು. ಜನ ಕಂಡರೆ ಸಿಡುಕುವವರಿಗೆ ಅದು ಆಗಿಬರುವುದಿಲ್ಲ. ಇನ್ನು ಪಿಂಚಣಿ ಆಸೆಗೆ ಹೋಗುವವರು ಒಂದು ತಿಳಿದಿರಲಿ: ರಾಜ್ಯದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್, ಅಂದರೆ ಸಂಬಳದಿಂದಲೂ ಕಡಿತವಾಗಿ ಕೂಡುವ ಹೊಸ ಪಿಂಚಣಿ, ಬಂದಿದೆ. ಅಪ್ಪನ ಕಾಲದ ಪಿಂಚಣಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೆಕ್ಕ ಹಾಕಬೇಡಿ.

ಕಂಬ ಹತ್ತುವವರು, ಕಾಡು ತಿರುಗುವವರು

ಓದಿನಲ್ಲಿ ಅಷ್ಟಕ್ಕಷ್ಟೇ, ಮೈ ಗಟ್ಟಿ ಅನ್ನುವವರು ಪವರ್‌ಮ್ಯಾನ್ ಕೆಲಸ ನೋಡುತ್ತಾರೆ. ಎಸ್ಸೆಸ್ಸೆಲ್ಸಿ ಸಾಕು, ಆದರೆ ದೈಹಿಕ ಪರೀಕ್ಷೆಯಲ್ಲಿ 8 ಮೀಟರ್ ಕಂಬ ಹತ್ತಲೇಬೇಕು. ಪರೀಕ್ಷೆಯ ಕಂಬ ಒಣ ನೆಲದಲ್ಲಿರುತ್ತದೆ. ಕೆಲಸದ ಕಂಬ ಜುಲೈ ತಿಂಗಳಲ್ಲಿ, ಮರ ಬಿದ್ದು ತಂತಿ ಹರಿದ ಕಾಡಿನ ನಡುವೆ, ಕಾಲಿಗೆ ಉಂಬಳ (ಜಿಗಣೆ) ಹತ್ತಿಕೊಂಡಾಗ ಬರುತ್ತದೆ. ಊರಿಗೆ ಊರೇ ಕತ್ತಲಲ್ಲಿ ಕೂತು ಅವರಿಗೆ ಫೋನ್ ಮಾಡುತ್ತಿರುತ್ತದೆ. ಲೈನ್ ಆಫ್ ಆಗಿದೆಯಾ ಅಂತ ಪಕ್ಕಾ ಮಾಡಿಕೊಳ್ಳದೆ ಯಾರ ಒತ್ತಾಯಕ್ಕೂ ಕೈ ಹಾಕದಿರುವ ಗಟ್ಟಿತನ ಇರಬೇಕು. ತೋಳಿನ ಶಕ್ತಿಗಿಂತ ಅದು ಮುಖ್ಯ.

ಅರಣ್ಯ ಇಲಾಖೆಯ ಗಸ್ತಿನವರದ್ದೂ ಇಂಥದ್ದೇ ಬದುಕು. ಬೇಸಿಗೆಯಲ್ಲಿ ಕಾಡಿನ ಬೆಂಕಿ, ಜೊತೆಗೆ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಆ ಕಾಯಿಲೆ ಇವತ್ತಿಗೂ ನಮ್ಮ ಕಾಡಂಚಿನಲ್ಲಿ ಇದೆ. ಊರ ಹತ್ತಿರದ ನೆಂಟರೇ ಮರ ಕಡಿದಾಗ ಕೇಸು ಹಾಕಬೇಕಾಗುತ್ತದೆ. ಅದನ್ನು ಮಾಡಲು ಮನಸ್ಸು ಒಪ್ಪುತ್ತದಾ ಅಂತ ಮೊದಲೇ ಯೋಚಿಸಿ.

ಬೆಂಗಳೂರು

ಸುಮ್ನೆ ಒಂದು ಲೆಕ್ಕ ಹಾಕೋಣ. ಬೆಂಗಳೂರಿನಲ್ಲಿ ಕೈಗೆ 25,000 ಸಿಗುವ ಕೆಲಸ, ಶಿವಮೊಗ್ಗದಲ್ಲಿ ಮನೆಯಿಂದಲೇ ಓಡಾಡುವ 15,000ದ ಕೆಲಸ. ಬೆಂಗಳೂರಿನ ಪಿಜಿ ಬಾಡಿಗೆಯೂ ಊಟವೂ ಸೇರಿ 9,000 ಅಂತಿಟ್ಟುಕೊಳ್ಳಿ. ಓಡಾಟ 2,000, ಊರಿಗೆ ಬಂದು ಹೋಗುವುದು, ಬಟ್ಟೆ, ಹೊರಗಿನ ತಿಂಡಿ ಅಂತ ಇನ್ನೊಂದು 4,000. ಉಳಿಯುವುದು 10,000. ಶಿವಮೊಗ್ಗದವರಿಗೆ ಬಸ್ ಪಾಸು, ಮನೆಗೆ ಕೊಡುವುದು, ಸಣ್ಣಪುಟ್ಟ ಖರ್ಚು ಅಂತ 5,000 ಕಳೆದರೆ ಅವರಿಗೂ 10,000 ಉಳಿಯುತ್ತದೆ. ನಿಮ್ಮ ಅಂಕಿ ಬೇರೆ ಇರಬಹುದು, ಹಾಳೆ ಮೇಲೆ ಬರೆದು ನೋಡಿ.

ಹಾಗಾದರೆ ಬೆಂಗಳೂರಿಗೆ ಯಾಕೆ ಹೋಗಬೇಕು? ಮೂರನೇ ವರ್ಷಕ್ಕಾಗಿ. ಅಲ್ಲಿ ಕೆಲಸ ಬದಲಾಯಿಸುವ ಅವಕಾಶ ಹೆಚ್ಚು, ಬದಲಾಯಿಸಿದಾಗ ಸಂಬಳ ಏರುತ್ತದೆ. ಶಿವಮೊಗ್ಗದ 15,000 ಮೂರು ವರ್ಷಕ್ಕೆ 18,000 ಆದರೆ ಹೆಚ್ಚು. ಆದರೆ ಬೆಂಗಳೂರು ಆ ಏರಿಕೆಯನ್ನು ಸುಮ್ಮನೆ ಕೊಡುವುದಿಲ್ಲ. ಇಂಗ್ಲಿಷಿನಲ್ಲಿ ತಡವರಿಸಿದರೂ ಮೀಟಿಂಗ್‌ನಲ್ಲಿ ಬಾಯಿ ತೆರೆಯುವ ಧೈರ್ಯ ಕೇಳುತ್ತದೆ. ಆಫೀಸ್ ಮುಗಿದ ಮೇಲೂ ಹೊಸದನ್ನು ಕಲಿಯುತ್ತಿರಬೇಕು. ಸೇರಿದ ಕೆಲಸದಲ್ಲೇ ಬೆಚ್ಚಗೆ ಕೂತವರಿಗೆ ಬೆಂಗಳೂರಿನ ಖರ್ಚು ಮಾತ್ರ ಸಿಗುತ್ತದೆ, ಬೆಂಗಳೂರಿನ ಲಾಭ ಸಿಗುವುದಿಲ್ಲ.

ವರ್ಕ್ ಫ್ರಮ್ ಹೋಮ್ ಆಸೆ ಇಟ್ಟುಕೊಂಡವರಿಗೆ ಒಂದು ಮಾತು. ಕೋವಿಡ್ ಕಾಲದಲ್ಲಿ ಊರಿಗೆ ಬಂದವರನ್ನು ಎಷ್ಟೋ ಕಂಪನಿಗಳು ವಾಪಸ್ ಕರೆದಿವೆ. ಮನೆಯಿಂದಲೇ ಅಂತ ಆರ್ಡರ್‌ನಲ್ಲಿ ಬರೆದುಕೊಟ್ಟಿದ್ದರೆ ಮಾತ್ರ ನಂಬಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು, ಕೇಬಲ್ ಎರಡೂ ಮರದ ಕೊಂಬೆಯ ದಯೆಯಲ್ಲಿರುತ್ತವೆ. ಯುಪಿಎಸ್, ಜೊತೆಗೆ ಬೇರೆ ಕಂಪನಿಯ ಸಿಮ್, ಸಾಗರವೋ ತೀರ್ಥಹಳ್ಳಿಯೋ ಪೇಟೆಯಲ್ಲಿ ಕೂರಲು ಒಂದು ಜಾಗ, ಇಷ್ಟು ಇಲ್ಲದೆ ಒಪ್ಪಿಕೊಳ್ಳಬೇಡಿ.

ಶಿವಮೊಗ್ಗದಲ್ಲೇ ಸಿಗುವ ಕೆಲಸ

ಮಾಚೇನಹಳ್ಳಿ ಕಡೆಯ ಫೌಂಡ್ರಿ, ಬಿಡಿಭಾಗ, ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಐಟಿಐ, ಡಿಪ್ಲೊಮಾದವರಿಗೆ ಬೇಗ ಕೆಲಸ ಸಿಗುತ್ತದೆ. ಮೊದಲ ತಿಂಗಳಿಂದಲೇ ಸಂಬಳ. ಕೇಳುವುದು ಮೈಯನ್ನು. ಶಿಫ್ಟ್ ಪೂರ್ತಿ ನಿಲ್ಲಬೇಕು, ಶಾಖ, ಶಬ್ದ ತಡೆಯಬೇಕು, ವಾರ ವಾರ ನಿದ್ದೆಯ ಹೊತ್ತು ಬದಲಾಗುತ್ತದೆ. ಸೇರುವಾಗ ಕಂಪನಿಯ ಕೆಲಸವಾ, ಗುತ್ತಿಗೆದಾರನ ಕೆಲಸವಾ ಅಂತ ಕೇಳಿ. ಪಿಎಫ್ ನಂಬರ್ ಕೊಡುತ್ತಾರಾ ನೋಡಿ. ಸಂಬಳ 21,000ದ ಒಳಗಿದ್ದರೆ ಕಾರ್ಮಿಕರ ವಿಮೆ ಇಎಸ್‌ಐ ಬರುತ್ತದೆ, ಮನೆಯವರ ಆಸ್ಪತ್ರೆ ಖರ್ಚಿಗೆ ಅದು ದೊಡ್ಡ ಆಸರೆ.

ಕಾರ್ಖಾನೆ ಅಂದರೆ ಕಾಯಂ ಅಂತ ನಂಬುವ ಕಾಲ ಹೋಯಿತು. ಭದ್ರಾವತಿಯನ್ನೇ ನೋಡಿ. ವಿಶ್ವೇಶ್ವರಯ್ಯನವರ ಹೆಸರಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್, ಎಂಪಿಎಂ ಕಾಗದದ ಕಾರ್ಖಾನೆ, ಎರಡನ್ನೂ ನಂಬಿ ಬೆಳೆದ ಊರು ಅದು. ಎಂಪಿಎಂನಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ವಿಐಎಸ್‌ಎಲ್ ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದು, ಗುತ್ತಿಗೆ ಕಾರ್ಮಿಕರು ಧರಣಿ ಕೂರಬೇಕಾಯಿತು. ಬೇರೆ ಕಡೆಗೂ ಸಲ್ಲುವ ಕಸುಬು ಗೊತ್ತಿದ್ದವರಿಗೆ, ಅಂದರೆ ವೆಲ್ಡರ್, ಎಲೆಕ್ಟ್ರಿಷಿಯನ್, ಸಿಎನ್‌ಸಿ (ಕಂಪ್ಯೂಟರ್ ಹಿಡಿತದ ಯಂತ್ರ) ನಡೆಸುವವರಿಗೆ ಇಂಥ ಹೊತ್ತಿನಲ್ಲಿ ಹೊಸ ಬಾಗಿಲು ಬೇಗ ಸಿಗುತ್ತದೆ. ಕಾರ್ಖಾನೆ ಸೇರುವವರು ಕಸುಬು ಕಲಿಸುವ ವಿಭಾಗವನ್ನೇ ಕೇಳಿ ಪಡೆಯಿರಿ, ಸಂಬಳ ಸಾವಿರ ಕಡಿಮೆಯಾದರೂ ಪರವಾಗಿಲ್ಲ.

ಫೈನಾನ್ಸ್ ಕಂಪನಿಗಳ ವಸೂಲಿ ಕೆಲಸಕ್ಕೆ ಬೈಕು, ಮೊಬೈಲ್ ಇದ್ದರೆ ನಾಳೆಯೇ ಸೇರಿಸಿಕೊಳ್ಳುತ್ತಾರೆ. ಕಂತು ಕಟ್ಟಲಾಗದ ಹೆಂಗಸಿನ ಮನೆ ಬಾಗಿಲಲ್ಲಿ ಸಂಜೆಯವರೆಗೆ ನಿಲ್ಲುವುದು ಮನಸ್ಸಿಗೆ ಏನು ಮಾಡುತ್ತದೆ ಅಂತ ಮೊದಲು ಯೋಚಿಸಿ. ನಾನಂತೂ ಯಾರಿಗೂ ಇದನ್ನು ಹೇಳುವುದಿಲ್ಲ. ಖಾಸಗಿ ಶಾಲೆಯ ಪಾಠ ಇಷ್ಟವಿದ್ದರೆ ಮಾಡಿ, ಆದರೆ ಬಿಎಡ್ ಮುಗಿಸಿಕೊಂಡೇ ಹೋಗಿ. ಹೋಮ್‌ಸ್ಟೇ ಮಾಡುವವರು ಜೋಗ, ಆಗುಂಬೆ, ಕೊಡಚಾದ್ರಿ ದಾರಿಯಲ್ಲಿ ಮನೆ ಇದ್ದರೆ ಯೋಚಿಸಬಹುದು. ಉಳಿದವರಿಗೆ ರಜೆ ಇದ್ದಾಗಲೆಲ್ಲ ನಿಮಗೆ ಕೆಲಸ. ಮನೆಯ ಹೆಂಗಸರು ಮನಸಾರೆ ಒಪ್ಪದಿದ್ದರೆ ಬೇಡವೇ ಬೇಡ, ಯಾಕಂದರೆ ಅಡುಗೆಯ ಹೊರೆ ಬೀಳುವುದು ಅವರ ಮೇಲೆ.

ನರ್ಸಿಂಗ್

ಹುಡುಗಿಯರ ತಂದೆತಾಯಿ ಹೆಚ್ಚು ಕೇಳುವ, ಹುಡುಗರು ಕೇಳಲು ನಾಚುವ ದಾರಿ ಇದು. ನರ್ಸಿಂಗ್ ಡಿಪ್ಲೊಮಾ ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಬಿಡುವ ದಾರಿಯ ಲೆಕ್ಕದಲ್ಲಿ ನೋಡಿದರೆ ಇಲ್ಲಿ ಹೇಳಿದ ಎಲ್ಲದಕ್ಕಿಂತ ಇದು ಮುಂದೆ. ಶಿವಮೊಗ್ಗ, ಮಣಿಪಾಲ, ಬೆಂಗಳೂರು, ಗಲ್ಫ್, ಎಲ್ಲಿಗೆ ಹೋದರೂ ಕಲಿತದ್ದು ಜೊತೆಗೆ ಬರುತ್ತದೆ. ಮದುವೆಯಾಗಿ ಊರು ಬದಲಾದರೂ ಕೆಲಸ ಸಿಗುತ್ತದೆ.

ಕೇಳುವುದೂ ಹಾಗೇ ಜಾಸ್ತಿ. ಅನೇಕ ಕಡೆ ರಾತ್ರಿ ಪಾಳಿ 8ರಿಂದ ಬೆಳಿಗ್ಗೆ 8. ಪಾಳಿ ಬದಲಾಗುವ ಹೊತ್ತಿಗೆ ವಾರ್ಡಿನಲ್ಲಿ ನಿಂತು ನೋಡಿ. ಹೋಗುವವರು ಬರುವವರನ್ನು ಒಂದೊಂದು ಮಂಚದ ಬಳಿಗೂ ಕರೆದುಕೊಂಡು ಹೋಗುತ್ತಾರೆ. ಯಾರಿಗೆ ಯಾವ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ, ಮೂತ್ರ ಎಷ್ಟು ಹೋಗಿದೆ, ಯಾವ ಮಾತ್ರೆ ಕೊಟ್ಟಾಗಿದೆ, ಯಾರಿಗೆ ಬೆಳಿಗ್ಗೆ ಆಪರೇಷನ್ ಇದೆ ಅಂತ ಏನನ್ನೂ ಬಿಡುವಂತಿಲ್ಲ, ಎಲ್ಲವನ್ನೂ ಒಪ್ಪಿಸಬೇಕು. ಹನ್ನೆರಡು ಗಂಟೆ ನಿಂತ ಕಾಲಲ್ಲಿ, ಕಣ್ಣು ಎಳೆಯುತ್ತಿರುವಾಗ, ಒಂದು ಅಂಕಿಯೂ ತಪ್ಪಬಾರದು. ಅದೇ ಹೊತ್ತಿಗೆ ರೋಗಿಯ ಕಡೆಯವರು ಡಾಕ್ಟರ ಮೇಲಿನ ಸಿಟ್ಟನ್ನು ಇವರ ಮೇಲೆ ತೀರಿಸುತ್ತಿರುತ್ತಾರೆ. ರಕ್ತ ಕಂಡು ಹೆದರಿಕೆ ಅನ್ನುವುದು ವಾರದಲ್ಲಿ ಹೋಗುತ್ತದೆ. ಸುಸ್ತಾದಾಗಲೂ ಎಚ್ಚರ ತಪ್ಪದಿರುವ ಗುಣ ನಿಮ್ಮಲ್ಲಿ ಇದೆಯಾ ಅನ್ನೋದೇ ನಿಜವಾದ ಪ್ರಶ್ನೆ. ಸೀಟು ತೆಗೆದುಕೊಳ್ಳುವ ಮೊದಲು ಕಾಲೇಜಿಗೆ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಇದೆಯಾ, ತರಬೇತಿ ಯಾವ ಆಸ್ಪತ್ರೆಯಲ್ಲಿ ಅಂತ ಖಚಿತ ಮಾಡಿಕೊಳ್ಳಿ. ಹಾಸಿಗೆಗಳೇ ಖಾಲಿ ಇರುವ ಆಸ್ಪತ್ರೆಯಲ್ಲಿ ಏನೂ ಕಲಿಯಲಾಗುವುದಿಲ್ಲ.

ಯಾರಿಗೆ ಯಾವುದು

ಮನೆಯಲ್ಲಿ ಸಾಲ ಇದೆ, ತಂಗಿ ತಮ್ಮಂದಿರು ಓದುತ್ತಿದ್ದಾರೆ ಅಂದರೆ ತಿಂಗಳ ಸಂಬಳವೇ ಮೊದಲು. ಕಾರ್ಖಾನೆಯೋ ಬೆಂಗಳೂರೋ ಸೇರಿ. ಸರ್ಕಾರಿ ಪರೀಕ್ಷೆಯನ್ನು ಸಂಜೆಗೆ ಇಟ್ಟುಕೊಳ್ಳಿ. ಮನೆಯವರು ಎರಡು ವರ್ಷ ಸಾಕಬಲ್ಲರು, ನೀವು ಒಬ್ಬರೇ ಕೂತು ಓದಬಲ್ಲಿರಿ ಅಂದರೆ ಪರೀಕ್ಷೆಗೆ ಕೂರಿ.

ಎರಡು ಎಕರೆ ತೋಟ ಇದ್ದು ಅಪ್ಪ ಇನ್ನೂ ಗಟ್ಟಿಯಾಗಿದ್ದರೆ ಇಬ್ಬರೂ ಅದರ ಮೇಲೆ ಬೀಳಬೇಡಿ. ಹತ್ತಿರದ ಪೇಟೆಯಲ್ಲಿ ಕೆಲಸ ಹಿಡಿದು ಔಷಧಿ, ಕೊಯ್ಲಿನ ಕಾಲಕ್ಕೆ ರಜೆ ಹಾಕಿ. ಐದಾರು ಎಕರೆ ಇದ್ದು ಅಪ್ಪನಿಗೆ ಮಂಡಿ ನೋವು ಶುರುವಾಗಿದ್ದರೆ ತೋಟಕ್ಕೆ ಒಬ್ಬರು ಪೂರ್ತಿ ಬೇಕು. ಚೇಣಿಗೆ, ಅಂದರೆ ಫಸಲನ್ನು ಗುತ್ತಿಗೆಗೆ, ಕೊಟ್ಟು ದೂರದಿಂದ ನೋಡಿಕೊಳ್ಳುವುದೂ ಒಂದು ದಾರಿ. ಆದರೆ ಚೇಣಿದಾರ ಈ ವರ್ಷದ ಫಸಲು ನೋಡುತ್ತಾನೆ. ಬಸಿಗಾಲುವೆ ತೆಗೆಸುವುದು, ಮಣ್ಣು ಹಾಕಿಸುವುದು, ಹೋದ ಮರದ ಜಾಗಕ್ಕೆ ಸಸಿ ನೆಡುವುದು ನಿಮ್ಮದೇ ಕೆಲಸ.

ಜನರ ಜೊತೆ ಮಾತಾಡಿದರೆ ಸುಸ್ತಾಗುವವರು ನರ್ಸಿಂಗ್, ಕಂದಾಯ ಇಲಾಖೆ, ಹೋಮ್‌ಸ್ಟೇ ಬಿಟ್ಟು ಯಂತ್ರದ ಕೆಲಸ, ಕಂಪ್ಯೂಟರ್ ಕೆಲಸ, ತೋಟ ನೋಡಿ. ನಿದ್ದೆ ಕೆಟ್ಟರೆ ತಲೆನೋವು ಬರುವವರು ಪಾಳಿಯ ಕೆಲಸಕ್ಕೆ ಎಷ್ಟೇ ಸಂಬಳ ಕೊಟ್ಟರೂ ಹೋಗಬೇಡಿ.

ತೀರ್ಮಾನಕ್ಕೆ ಮೊದಲು ಆ ಕೆಲಸ ಮಾಡುವ ಒಬ್ಬರನ್ನು ಅವರ ಕಷ್ಟದ ಕಾಲದಲ್ಲಿ ಹೋಗಿ ನೋಡಿ. ಪವರ್‌ಮ್ಯಾನ್ ಅಣ್ಣನನ್ನು ಜುಲೈನಲ್ಲಿ, ತೋಟದ ಮಾವನನ್ನು ಸುಲಿತದ ರಾತ್ರಿ, ನರ್ಸ್ ಅಕ್ಕನನ್ನು ರಾತ್ರಿ ಪಾಳಿ ಮುಗಿದ ಬೆಳಿಗ್ಗೆ. "ಕೆಲಸ ಹೇಗಿದೆ?" ಅಂದರೆ ಎಲ್ಲರೂ "ಪರವಾಗಿಲ್ಲ" ಅನ್ನುತ್ತಾರೆ. "ಕಳೆದ ವಾರ ಯಾವ ದಿನ ಬಿಟ್ಟು ಬಿಡೋಣ ಅನಿಸಿತು, ಯಾಕೆ?" ಅಂತ ಕೇಳಿ. ಸರ್ಕಾರಿ ಕೆಲಸದ ಯೋಚನೆ ಇದ್ದವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಕ್ಕೆ ಈಗಲೇ ಓದಿದ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯರ ಸಹಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡಿದರೆ ಶಾಲೆಗೆ ರಜೆ ಇರುತ್ತದೆ, ಇಲ್ಲವೇ ಸಹಿ ಹಾಕುವವರು ಮೀಟಿಂಗ್‌ಗೆ ಹೋಗಿರುತ್ತಾರೆ.